ಕಾಲಡಿಯ ಕಲ್ಲು ಅಡುಗೆ ಕಟ್ಟೆಗೆ ಏರಿದ ಕಥೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ಕುರುಬರಹಳ್ಳಿ ಒಂದು ಕಾಲಕ್ಕೆ ಹೆಸರೇ ಹೇಳುವಂತೆ ಹಳ್ಳಿ. ಈಗ ರಾಜಾಜಿನಗರ, ಮಹಾಲಕ್ಷ್ಮೀಪುರಂ, ಬಸವೇಶ್ವರನಗರಗಳ ನಡುವೆ ಸೇರಿಹೋಗಿರುವ ಬಡಾವಣೆ. ಇಲ್ಲಿ ಯಾವುದೇ ಮನೆಗೆ ಪಾಯ ತೋಡಿದರೂ ಸ್ವಲ್ಪ ಆಳದಲ್ಲಿ ಸಿಗುವುದು ಗಟ್ಟಿಯಾದ ಬೂದು ಬಣ್ಣದ ಕಲ್ಲು. ಲಾಲ್‌ಬಾಗಿನ ಬಂಡೆಯೂ ಇದೇ ಜಾತಿಯದು.

ಆದರೆ ಇದೇ ಪ್ರದೇಶದ ಹಳೆಯ ಮನೆಗಳ ಅಡುಗೆ ಕೋಣೆಯನ್ನು ನೋಡಿ. ಸುಮಾರು ನಲವತ್ತು ಐವತ್ತು ವರ್ಷಗಳ ಹಿಂದೆ ಕಟ್ಟಿದ ಮನೆಯಾದರೆ ಒಲೆಯಿಡುವ ಕಟ್ಟೆಯ ಮೇಲೆ ಹಾಸಿರುವುದು ಹೆಚ್ಚಾಗಿ ಕಪ್ಪುಬೂದು ಬಣ್ಣದ ಕಡಪ ಕಲ್ಲು. ಅದು ಬಂದಿರುವುದು ಆಂಧ್ರಪ್ರದೇಶದಿಂದ. ಇತ್ತೀಚಿನ ಮೂವತ್ತು ವರ್ಷಗಳಲ್ಲಿ ಕಟ್ಟಿದ ಮನೆಯಾದರೆ ಅಲ್ಲಿ ಹೊಳೆಯುವ ಗ್ರಾನೈಟ್ ಇರುತ್ತದೆ. ಮನೆಯ ಕೆಳಗೇ ಗಟ್ಟಿ ಕಲ್ಲು ಇರುವಾಗ ಮೊದಲು ದೂರದ ಮೆದು ಕಲ್ಲನ್ನು ತಂದದ್ದು ಏಕೆ? ಕಾಲಡಿಯ ಕಲ್ಲು ಸೊಂಟದ ಎತ್ತರಕ್ಕೆ ಏರಲು ಇಷ್ಟು ತಡವಾದದ್ದು ಏಕೆ?

ಅಂದಚೆಂದದ ಅಭಿರುಚಿ ಬದಲಾಯಿತು ಎಂದು ಹೇಳಿ ಸುಮ್ಮನಾಗಬಹುದು. ಆದರೆ ನಿಜವಾದ ಕಾರಣ ಬೇರೆ. ಒಂದು ಕಲ್ಲು ಅಡುಗೆ ಕಟ್ಟೆಗೆ ಬರುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದ್ದು ಅದರ ಗಟ್ಟಿತನವಲ್ಲ, ಅದನ್ನು ಎಷ್ಟು ತೆಳುವಾಗಿ ಸೀಳಬಹುದು ಎಂಬುದು. ಕಲ್ಲು ಸೀಳುವ ವಿದ್ಯೆಯ ಇತಿಹಾಸವೇ ನಮ್ಮ ಅಡುಗೆ ಕಟ್ಟೆಯ ಇತಿಹಾಸ.

ಅಡುಗೆ ಮನೆಗೆ ಕಲ್ಲು ಹೊಸದಲ್ಲ

ಕಲ್ಲಿಲ್ಲದ ಅಡುಗೆ ಮನೆ ನಮ್ಮಲ್ಲಿ ಎಂದೂ ಇರಲಿಲ್ಲ. ಒರಳುಕಲ್ಲು, ರುಬ್ಬುಗುಂಡು, ಬೀಸುವ ಕಲ್ಲು ಇವೆಲ್ಲ ಗ್ರಾನೈಟ್ ಅಥವಾ ಅದರ ಬಂಧುಗಳಾದ ನೈಸ್ ಶಿಲೆಗಳಿಂದಲೇ ಆದವು. ಆದರೆ ಇವುಗಳನ್ನು ಒಮ್ಮೆ ಗಮನಿಸಿ. ಎಲ್ಲವೂ ದಪ್ಪ, ಎಲ್ಲವೂ ಭಾರ. ರುಬ್ಬುವಾಗ ಒರಳು ಅಲುಗಾಡಬಾರದು, ಬೀಸುವಾಗ ಮೇಲಿನ ಕಲ್ಲು ಕಾಳನ್ನು ಒತ್ತಬೇಕು. ಇಲ್ಲಿ ಭಾರವೇ ಉಪಯೋಗ. ಉಳಿ ಮತ್ತು ಸುತ್ತಿಗೆಗಳಿಂದ ಸ್ವಲ್ಪ ಸ್ವಲ್ಪವಾಗಿ ಕೆತ್ತಿ ಇಂಥ ದಪ್ಪ ವಸ್ತುಗಳನ್ನು ಮಾಡುವುದು ಸಾಧ್ಯವಿತ್ತು.

ಅದೇ ಉಳಿಯಿಂದ ಗ್ರಾನೈಟನ್ನು ಎರಡು ಸೆಂಟಿಮೀಟರ್ ದಪ್ಪದ, ಎಂಟು ಅಡಿ ಉದ್ದದ ಹಲಗೆಯಾಗಿ ಮಾಡುವುದು ಬಹಳ ಕಷ್ಟ. ಅಷ್ಟು ತೆಳುವಾಗುವ ಮೊದಲೇ ಅದು ಏಟಿಗೆ ಮುರಿದುಹೋಗುತ್ತದೆ. ಬೇಲೂರು, ಹಳೇಬೀಡುಗಳ ಶಿಲ್ಪಿಗಳು ನಾಜೂಕಾದ ಕೆತ್ತನೆಗೆ ಗ್ರಾನೈಟನ್ನು ಬಿಟ್ಟು ಕ್ಲೋರೈಟ್ ಇರುವ ಮೆದುವಾದ ಬಳಪದ ಕಲ್ಲನ್ನು ಆರಿಸಿಕೊಂಡದ್ದನ್ನು ಇಲ್ಲಿ ನೆನೆಯಬಹುದು. ಉಪಕರಣ ಯಾವುದೋ ಅದಕ್ಕೆ ತಕ್ಕ ಕಲ್ಲು.

ಬೆಂಕಿಯಿಂದ ಕಲ್ಲು ಸೀಳುವ ವಿದ್ಯೆ

ಹಾಗಾದರೆ ಬೆಂಗಳೂರಿನ ಸುತ್ತಮುತ್ತ ಕಾಣುವ ಉದ್ದುದ್ದ ಕಲ್ಲು ಚಪ್ಪಡಿಗಳು ಹೇಗೆ ಬಂದವು? ಹೊಲದ ಬೇಲಿಗೆ ನಿಲ್ಲಿಸಿದ ಕಲ್ಲು, ಹಳೆಯ ಮನೆಗಳ ಚಾವಣಿಗೆ ಹಾಸಿದ ಕಲ್ಲು, ಚರಂಡಿಗೆ ಮುಚ್ಚಿದ ಕಲ್ಲು, ಎಲ್ಲವೂ ಇದೇ ನೆಲದ ನೈಸ್ ಶಿಲೆ. ಡಬ್ಲ್ಯು. ಎಫ್. ಸ್ಮೀತ್ ಎಂಬ ಭೂವಿಜ್ಞಾನಿ 1916ರಲ್ಲಿ ಇದಕ್ಕೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. ಅವರು 1894ರಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದವರು. ಈ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ.

ಇದನ್ನು ಸೀಳುತ್ತಿದ್ದ ಕ್ರಮವನ್ನು ಎಚ್. ವಾರ್ತ್ ಎಂಬುವರು 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ್ದಾರೆ. ಅವರು ವರ್ಣಿಸಿರುವುದು ಬೆಂಗಳೂರಿನ ಕಲ್ಲುಗಣಿಯನ್ನೇ. ಅಲ್ಲಿನ ಕೆಲಸಗಾರರು ಸಿಡಿಮದ್ದು ಬಳಸುತ್ತಿರಲಿಲ್ಲ. ಬಂಡೆಯ ಸಮತಟ್ಟಾದ ಮೈಮೇಲೆ ಸುಮಾರು ಏಳು ಅಡಿ ಉದ್ದದ ಸಾಲಿನಲ್ಲಿ ಸೌದೆಗೆ ಬೆಂಕಿ ಹಚ್ಚುತ್ತಿದ್ದರು. ಸ್ವಲ್ಪ ಹೊತ್ತಿನ ನಂತರ ಬೆಂಕಿಯ ಮುಂದಿನ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದರು. ಕಲ್ಲು ಅಡಿಯಿಂದ ಬಿಟ್ಟುಕೊಂಡಿದ್ದರೆ ಸದ್ದು ಬೇರೆಯಾಗುತ್ತದೆ. ಆಗ ಉರಿಯುವ ಸೌದೆಯನ್ನು ಕೆಲವು ಅಂಗುಲ ಮುಂದಕ್ಕೆ ತಳ್ಳುತ್ತಿದ್ದರು. ಹೀಗೆ ಬೆಂಕಿಯ ಸಾಲು ಗಂಟೆಗೆ ಹತ್ತಿರಹತ್ತಿರ ಆರು ಅಡಿಯಂತೆ ಮುಂದೆ ಸರಿಯುತ್ತ, ಬಿಲ್ಲಿನಂತೆ ಬಾಗಿ ಇಪ್ಪತ್ತೈದು ಅಡಿಯವರೆಗೆ ಬೆಳೆಯುತ್ತಿತ್ತು. ಎಂಟು ಗಂಟೆಗಳಲ್ಲಿ ಸುಮಾರು 740 ಚದರ ಅಡಿ ವಿಸ್ತಾರದ, ಸರಾಸರಿ ಐದು ಅಂಗುಲ ದಪ್ಪದ ಒಂದೇ ಚಪ್ಪಡಿ ಬಂಡೆಯಿಂದ ಬೇರೆಯಾಗುತ್ತಿತ್ತು. ಖರ್ಚಾದ ಸೌದೆ ಸುಮಾರು ಹದಿನೈದು ಹಂಡ್ರೆಡ್‌ವೇಯ್ಟ್, ಅಂದರೆ 760 ಕಿಲೋಗ್ರಾಂ.

ವಾರ್ತ್ ಅವರ ಲೆಕ್ಕದಂತೆ ಒಂದು ಪೌಂಡ್ ಸೌದೆಗೆ ಮೂವತ್ತು ಪೌಂಡ್ ಕಲ್ಲು. ಇದನ್ನು ವಿದ್ಯಾರ್ಥಿಗಳು ಸ್ವತಃ ತಾಳೆ ನೋಡಬಹುದು. 740 ಚದರ ಅಡಿ ಎಂದರೆ 68.7 ಚದರ ಮೀಟರ್. ಐದು ಅಂಗುಲ ಎಂದರೆ 0.127 ಮೀಟರ್. ಗಾತ್ರ ಸುಮಾರು 8.7 ಘನ ಮೀಟರ್. ಕಲ್ಲಿನ ಸಾಪೇಕ್ಷ ಸಾಂದ್ರತೆ 2.62 ಎಂದು ಹಿಡಿದರೆ ತೂಕ ಸುಮಾರು 23 ಟನ್. ಇದನ್ನು 760 ಕಿಲೋಗ್ರಾಂನಿಂದ ಭಾಗಿಸಿದರೆ 30 ಬರುತ್ತದೆ.

ಇದರ ಹಿಂದಿನ ಭೌತವಿಜ್ಞಾನ ಸರಳ. ಗ್ರಾನೈಟ್ ಜಾತಿಯ ಶಿಲೆಯ ಒಂದು ಮೀಟರ್ ಉದ್ದ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದರೆ ಸುಮಾರು 2.4 ಮಿಲಿಮೀಟರ್ ಹಿಗ್ಗಬೇಕು. ಆದರೆ ಸುತ್ತಲಿನ ತಣ್ಣನೆಯ ಬಂಡೆ ಅದಕ್ಕೆ ಎಡೆಕೊಡುವುದಿಲ್ಲ. ಕಲ್ಲು ಒಳ್ಳೆಯ ಉಷ್ಣವಾಹಕವಲ್ಲವಾದ್ದರಿಂದ ಬಿಸಿ ಮೇಲಿನ ಪದರದಲ್ಲೇ ಉಳಿಯುತ್ತದೆ. ಹಿಗ್ಗಲು ಜಾಗವಿಲ್ಲದ ಮೇಲಿನ ಪದರ ಮೇಲಕ್ಕೆ ಉಬ್ಬಲು ನೋಡುತ್ತದೆ, ಅಡಿಯಲ್ಲಿ ಮೈಗೆ ಸಮಾಂತರವಾಗಿ ಬಿರುಕು ಓಡುತ್ತದೆ. ಮಾಗಡಿ ಬಳಿಯ ಸಾವನದುರ್ಗದಂಥ ಬೋಳು ಬಂಡೆಗಳ ಮೈಯಿಂದ ಈರುಳ್ಳಿಯ ಪದರದಂತೆ ಚಕ್ಕೆ ಏಳುವುದನ್ನು ನೋಡಿರಬಹುದು. ಪ್ರಕೃತಿ ನಿಧಾನವಾಗಿ ಮಾಡುವ ಅಂಥ ಕೆಲಸವನ್ನು ಈ ಕಲ್ಲುಕುಟಿಗರು ಒಂದು ಹಗಲಿನಲ್ಲಿ ಮಾಡುತ್ತಿದ್ದರು. ಬೋವಿ ಮೊದಲಾದ ಸಮುದಾಯಗಳ ಈ ಕುಶಲಿಗಳು ಶಾಲೆಯ ಮುಖ ಕಂಡವರಲ್ಲ. ಆದರೆ ಸುತ್ತಿಗೆಯ ಸದ್ದಿನಿಂದ ಬಿರುಕಿನ ಅಂಚನ್ನು ಅಂಗುಲ ಅಂಗುಲವಾಗಿ ಗುರುತಿಸಬಲ್ಲವರಾಗಿದ್ದರು.

ಆದರೂ ಈ ಚಪ್ಪಡಿ ಅಡುಗೆ ಕಟ್ಟೆಗೆ ಬರಲಿಲ್ಲ. ಐದು ಅಂಗುಲ ದಪ್ಪದ ನೈಸ್ ಕಲ್ಲು ಚದರ ಮೀಟರಿಗೆ 333 ಕಿಲೋಗ್ರಾಂ ತೂಗುತ್ತದೆ. ಎಂಟು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಸಾಧಾರಣ ಕಟ್ಟೆಗೆ ಸುಮಾರು ಅರ್ಧ ಟನ್ ಆಯಿತು. ಅದನ್ನು ಸೊಂಟದ ಎತ್ತರಕ್ಕೆ ಎತ್ತಿ ಕೂರಿಸಿದರೂ ಮೈ ಒರಟು. ತೊಳೆದು ಒರೆಸಲು ಆಗದು.

ಒಲೆ ನೆಲದಿಂದ ಮೇಲೆದ್ದಾಗ

ನಿಜ ಹೇಳಬೇಕೆಂದರೆ ಬಹುಕಾಲ ಅಂಥ ಕಟ್ಟೆಯ ಅಗತ್ಯವೇ ಇರಲಿಲ್ಲ. ಸೌದೆ ಒಲೆ ನೆಲದ ಮೇಲಿತ್ತು, ಅಡುಗೆ ಮಾಡುವವರೂ ನೆಲದ ಮೇಲೆ ಅಥವಾ ಮಣೆಯ ಮೇಲೆ ಕುಳಿತಿರುತ್ತಿದ್ದರು. ಹೆಚ್ಚುವುದು ಈಳಿಗೆಮಣೆಯಲ್ಲಿ, ರುಬ್ಬುವುದು ನೆಲದಲ್ಲಿ ಹೂತ ಒರಳಿನಲ್ಲಿ.

ನಿಂತು ಅಡುಗೆ ಮಾಡುವ ಕೋಣೆಯನ್ನು ಎಂಜಿನಿಯರಿಂಗ್ ದೃಷ್ಟಿಯಿಂದ ರೂಪಿಸಿದ ಹೆಸರಾಂತ ಪ್ರಯತ್ನ ಜರ್ಮನಿಯದು. 1926ರಲ್ಲಿ ಮಾರ್ಗರೆಟ್ ಶ್ಯುಟ್ಟೆ-ಲಿಹೋಟ್‌ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕ ವಸತಿಗಳಿಗಾಗಿ ಕಡಿಮೆ ಹೆಜ್ಜೆಗಳಲ್ಲಿ ಕೆಲಸ ಮುಗಿಯುವಂತೆ ಅಡುಗೆ ಮನೆಯನ್ನು ವಿನ್ಯಾಸ ಮಾಡಿದರು. ಅಂಥ ಸಾವಿರಾರು ಅಡುಗೆ ಮನೆಗಳು ಅಲ್ಲಿ ನಿರ್ಮಾಣವಾದವು.

ನಮ್ಮಲ್ಲಿ ಈ ಬದಲಾವಣೆಗೆ ಎರಡು ಸಂಗತಿಗಳು ಒತ್ತು ಕೊಟ್ಟವು. ಒಂದು, ಹೊಸ ಬಡಾವಣೆಗಳು. 1945ರಲ್ಲಿ ಬೆಂಗಳೂರಿನ ನಗರಾಭಿವೃದ್ಧಿ ಟ್ರಸ್ಟ್ ಮಂಡಲಿ ಸ್ಥಾಪನೆಯಾಯಿತು. ರಾಜಾಜಿನಗರದಂಥ ಬಡಾವಣೆಗಳು ರೂಪುಗೊಂಡವು, ಕುರುಬರಹಳ್ಳಿಯಂಥ ಹಳ್ಳಿಗಳನ್ನು ನಗರ ಸುತ್ತುವರಿಯಿತು. 1976ರಲ್ಲಿ ಈ ಮಂಡಲಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಮೂವತ್ತು–ನಲವತ್ತು ಅಡಿ ಅಥವಾ ಅದಕ್ಕೂ ಚಿಕ್ಕ ನಿವೇಶನಗಳಲ್ಲಿ ಹಳ್ಳಿಯ ವಿಶಾಲ ಅಡುಗೆ ಮನೆಗೆ ಜಾಗವೆಲ್ಲಿ? ಎರಡನೆಯದು ಇಂಧನ. ಸೀಮೆಎಣ್ಣೆ ಸ್ಟವ್‌ಗೆ ಹೊಗೆಗೂಡು ಬೇಡ, ಎಲ್ಲಿ ಬೇಕಾದರೂ ಇಡಬಹುದು. ಅನಂತರ ಬಂದ ಅಡುಗೆ ಅನಿಲಕ್ಕಂತೂ ಕಟ್ಟೆ ಬೇಕೇ ಬೇಕು. ಒಲೆಯು ಸಿಲಿಂಡರಿಗಿಂತ ಎತ್ತರದ ಕಟ್ಟೆಯ ಮೇಲಿರಬೇಕೆಂಬುದು ಅನಿಲ ಕಂಪನಿಗಳ ಸುರಕ್ಷತಾ ಸೂಚನೆ. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಸಂಗ್ರಹವಾಗುತ್ತದೆ. ಕಟ್ಟೆಯ ಮೇಲ್ಮೈ ಬೆಂಕಿಗೆ ಉರಿಯಬಾರದು, ನೀರಿಗೆ ಕೊಳೆಯಬಾರದು. ಹೀಗೆ ಕಲ್ಲಿನ ಹಲಗೆಗೆ ಒಮ್ಮೆಲೇ ಬೇಡಿಕೆ ಹುಟ್ಟಿತು.

ತಾನಾಗಿಯೇ ಸೀಳುವ ಕಲ್ಲು

ಗರಗಸವಿಲ್ಲದ ಕಾಲದಲ್ಲಿ ತೆಳು ಹಲಗೆ ಕೊಡಬಲ್ಲ ಕಲ್ಲು ಯಾವುದು? ಪದರ ಪದರವಾಗಿ ಹುಟ್ಟಿದ ಕಲ್ಲು ಮಾತ್ರ. ಕಡಪ ಕಲ್ಲು ಮತ್ತು ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಎರಡೂ ಸುಣ್ಣಕಲ್ಲುಗಳು. ಸಮುದ್ರ ತಳದಲ್ಲಿ ಸುಣ್ಣದ ಕೆಸರು ತೆಳುವಾದ ಪದರಗಳಲ್ಲಿ ಶೇಖರವಾಗಿ ಗಟ್ಟಿಯಾದ ಜಲಜಶಿಲೆಗಳು. ಪದರಗಳ ನಡುವೆ ಜೇಡಿಯ ತೆಳುವಾದ ಪೊರೆಗಳಿರುತ್ತವೆ. ಈ ಪ್ರದೇಶಗಳ ಪದರಗಳು ಮಡಿಚಿಕೊಳ್ಳದೆ ಹೆಚ್ಚುಕಡಿಮೆ ಹಾಸಿದಂತೆಯೇ ಉಳಿದಿವೆ. ಹಾಗಾಗಿ ಸಲಾಕೆ ಮತ್ತು ಬೆಣೆಗಳಿಂದಲೇ ಹಪ್ಪಳದ ಅಟ್ಟಿಯಿಂದ ಹಪ್ಪಳ ತೆಗೆದಂತೆ ಒಂದೊಂದೇ ಚಪ್ಪಡಿಯನ್ನು ಎಬ್ಬಿಸಬಹುದು. ಕಡಪ ಮತ್ತು ಕರ್ನೂಲು ಪ್ರದೇಶದ ಈ ಶಿಲಾಶ್ರೇಣಿಗಳ ಬಗ್ಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಅವರು 1872ರಲ್ಲೇ ವಿಸ್ತಾರವಾದ ವರದಿ ಪ್ರಕಟಿಸಿದ್ದರು.

ಇನ್ನೊಂದು ಅನುಕೂಲವೂ ಸೇರಿತು. ಕಡಪ ಮತ್ತು ಶಹಾಬಾದ್ ಎರಡೂ ಮದರಾಸು–ಮುಂಬಯಿ ರೈಲು ಮಾರ್ಗದ ಮೇಲಿವೆ. ಎರಡು ಕಡೆಯಿಂದ ಬಂದ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಭಾರವಾದ ಕಲ್ಲು ತನ್ನ ಗಣಿಯ ಆಚೆಗೆ ಹೆಸರು ಪಡೆಯಲು ಸಾಗಾಣಿಕೆ ಬೇಕು. ರೈಲು, ಅನಂತರ ಲಾರಿ, ಆ ಕೆಲಸ ಮಾಡಿದವು. ನಾವು ಇಂದಿಗೂ ಆ ಕಲ್ಲುಗಳನ್ನು ಊರಿನ ಹೆಸರಿನಿಂದಲೇ ಕರೆಯುತ್ತೇವೆ.

ಒಂದೂವರೆ ಅಂಗುಲದ ಕಡಪ ಚಪ್ಪಡಿ ಚದರ ಮೀಟರಿಗೆ ಸುಮಾರು 100 ಕಿಲೋಗ್ರಾಂ. ಎಂಟು ಅಡಿಯ ಕಟ್ಟೆಗೆ 150 ಕಿಲೋಗ್ರಾಂ. ಇಟ್ಟಿಗೆಯ ಎರಡು ಮೂರು ಅಡ್ಡಗೋಡೆ ಕಟ್ಟಿ, ಇಬ್ಬರು ಮೂವರು ಸೇರಿ ಚಪ್ಪಡಿಯನ್ನು ಎತ್ತಿಟ್ಟರೆ ಕಟ್ಟೆ ಸಿದ್ಧ. ಕೆಳಗೆ ಕಾಂಕ್ರೀಟ್ ಕೂಡ ಬೇಡ.

ಆದರೆ ಸುಲಭವಾಗಿ ಸೀಳುವ ಕಲ್ಲಿಗೆ ಅದರದೇ ಆದ ದೌರ್ಬಲ್ಯಗಳಿವೆ. ಸುಣ್ಣಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆಹಣ್ಣಿನ ಸಿಟ್ರಿಕ್ ಆಮ್ಲ, ಹುಣಿಸೆಯ ಟಾರ್ಟಾರಿಕ್ ಆಮ್ಲ, ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಇವೆಲ್ಲ ಅದರೊಂದಿಗೆ ವರ್ತಿಸಿ ಕಾರ್ಬನ್ ಡೈಆಕ್ಸೈಡನ್ನು ಬಿಡಿಸುತ್ತವೆ, ಮೇಲ್ಮೈ ಮಂಕಾಗುತ್ತದೆ. ಸಾರು ಹುಳಿಗಳ ನಾಡಿನಲ್ಲಿ ಇದು ದಿನದ ಸಂಗತಿ. ಎಷ್ಟೋ ಮನೆಗಳಲ್ಲಿ ಕಡಪ ಕಲ್ಲಿಗೆ ಆಗಾಗ ಎಣ್ಣೆ ಸವರಿ ಕಪ್ಪು ಬಣ್ಣ ಉಳಿಸಿಕೊಳ್ಳುವ ರೂಢಿ ಬೆಳೆದದ್ದು ಇದಕ್ಕಾಗಿಯೇ. ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಕಾಠಿಣ್ಯದ ಮಾಪನದಲ್ಲಿ ಕ್ಯಾಲ್ಸೈಟಿನ ಸ್ಥಾನ 3, ಉಕ್ಕಿನ ಚಾಕುವಿನದು ಸುಮಾರು 5.5. ಆದ್ದರಿಂದ ಚಾಕುವಿನ ಗೀರು ಅದರ ಮೇಲೆ ಉಳಿಯುತ್ತದೆ. ಪದರಗಳ ಸಂದಿನಲ್ಲಿ ಚಕ್ಕೆಯೂ ಏಳಬಹುದು. ಯಾವ ಗುಣ ಕಲ್ಲನ್ನು ನಮಗೆ ದೊರಕಿಸಿತೋ ಅದೇ ಗುಣ ಅದರ ಬಾಳಿಕೆಯನ್ನು ಮೊಟಕು ಮಾಡಿತು.

ವಜ್ರದ ಹಲ್ಲು

ಗ್ರಾನೈಟಿನಲ್ಲಿ ಬೆಣಚು ಅಥವಾ ಕ್ವಾರ್ಟ್ಸ್ ಇದೆ, ಕಾಠಿಣ್ಯ 7. ಫೆಲ್ಡ್‌ಸ್ಪಾರ್ ಇದೆ, ಕಾಠಿಣ್ಯ 6. ಅಡುಗೆ ಮನೆಯ ಯಾವ ಆಮ್ಲವೂ ಇವಕ್ಕೆ ತಟ್ಟುವುದಿಲ್ಲ. ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಕಡಪದಂತೆ ಸೀಳಲು ಸಿದ್ಧವಾದ ಪದರವಿಲ್ಲ. ಅದನ್ನು ತೆಳುವಾಗಿಸಲು ಇರುವ ದಾರಿ ಒಂದೇ, ಕೊಯ್ಯುವುದು.

ಹಳೆಯ ಗರಗಸಗಳಲ್ಲಿ ಕಲ್ಲನ್ನು ಕೊಯ್ಯುತ್ತಿದ್ದದ್ದು ಉಕ್ಕಿನ ಪಟ್ಟಿಯಲ್ಲ. ಪಟ್ಟಿ ಹಿಂದೆ ಮುಂದೆ ಆಡುವಾಗ ಅದರಡಿಗೆ ನೀರಿನೊಂದಿಗೆ ಬಿಡುವ ಉಕ್ಕಿನ ಕಾಳುಗಳು ಕಲ್ಲನ್ನು ಅರೆಯುತ್ತಿದ್ದವು. ಹತ್ತಾರು ಪಟ್ಟಿಗಳನ್ನು ಒಂದೇ ಚೌಕಟ್ಟಿಗೆ ಬಿಗಿದ ‘ಗ್ಯಾಂಗ್ ಸಾ’ ಯಂತ್ರ ಒಂದು ದಿಮ್ಮಿಯನ್ನು ಒಟ್ಟಿಗೆ ಹಲವು ಹಲಗೆಗಳಾಗಿ ಕೊಯ್ಯುತ್ತದೆ. ಆದರೆ ಗ್ರಾನೈಟಿನಲ್ಲಿ ಅದು ಗಂಟೆಗೆ ಇಳಿಯುವುದು ಕೆಲವೇ ಸೆಂಟಿಮೀಟರ್.

ಇನ್ನೊಂದು ತಿರುವು ದೂರದ ಪ್ರಯೋಗಾಲಯದಿಂದ ಬಂತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಟ್ರೇಸಿ ಹಾಲ್ 1954ರ ಡಿಸೆಂಬರಿನಲ್ಲಿ ಕೃತಕ ವಜ್ರವನ್ನು ತಯಾರಿಸಿದರು. 1955ರಲ್ಲಿ ಕಂಪನಿ ಅದನ್ನು ಪ್ರಕಟಿಸಿತು. ಆಭರಣಕ್ಕೆ ಯೋಗ್ಯವಲ್ಲದ ಆ ಪುಟ್ಟ ಹರಳುಗಳು ಕೈಗಾರಿಕೆಗೆ ದೊಡ್ಡ ಲಾಭವಾದವು. ಕಾಠಿಣ್ಯ 10 ಇರುವ ವಜ್ರದ ಪುಡಿಯನ್ನು ಲೋಹದೊಂದಿಗೆ ಬೆಸೆದು ಗರಗಸದ ಹಲ್ಲಾಗಿ ಅಂಟಿಸಿದರೆ 7ರ ಕಾಠಿಣ್ಯದ ಬೆಣಚೂ ದಾರಿ ಬಿಡುತ್ತದೆ. ಮುಂದೆ ವಜ್ರದ ಮಣಿಗಳನ್ನು ಪೋಣಿಸಿದ ತಂತಿಯಿಂದ ಗಣಿಯಲ್ಲೇ ದಿಮ್ಮಿ ಕೊಯ್ಯುವ ವಿಧಾನವೂ ಬಂತು.

ಬೆಂಗಳೂರಿನ ಗ್ರಾನೈಟಿಗೆ ಗೌರವದ ಕೊರತೆ ಎಂದೂ ಇರಲಿಲ್ಲ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧ ಅದಕ್ಕೆ ಸಾಕ್ಷಿ. ಆದರೆ ಅದು ಕೈಯಿಂದ ಕೆತ್ತಿದ ದಪ್ಪ ಕಲ್ಲುಗಳ ಕಟ್ಟಡ. ತೆಳು ಹಲಗೆಯಾಗಿ ಗ್ರಾನೈಟ್ ಸಾಮಾನ್ಯ ಮನೆಗೆ ಬಂದದ್ದು 1980 ಮತ್ತು 90ರ ದಶಕಗಳಲ್ಲಿ, ಜಿಗಣಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಕೊಯ್ದು ಹೊಳಪು ಕೊಡುವ ಘಟಕಗಳು ಬೆಳೆದ ಮೇಲೆ. ಇಳಕಲ್ಲಿನ ಕೆಂಪು, ಕನಕಪುರದ ಬಗೆಬಗೆಯ ಬಣ್ಣಗಳು, ಚಾಮರಾಜನಗರದ ಕಪ್ಪು ಮಾರುಕಟ್ಟೆಗೆ ಬಂದವು. ಹದಿನೆಂಟು ಮಿಲಿಮೀಟರ್ ಹಲಗೆ ಚದರ ಮೀಟರಿಗೆ 48 ಕಿಲೋಗ್ರಾಂ ಮಾತ್ರ. ಅದೇ ಎಂಟು ಅಡಿಯ ಕಟ್ಟೆಗೆ ಈಗ 71 ಕಿಲೋಗ್ರಾಂ. ಅರ್ಧ ಟನ್ನಿನಿಂದ ಇಲ್ಲಿಗೆ ಬಂದೆವು.

ಇಲ್ಲಿ ಒಂದು ಹೆಸರಿನ ಗೊಂದಲವನ್ನು ನಿವಾರಿಸಿಕೊಳ್ಳಬೇಕು. ವ್ಯಾಪಾರದಲ್ಲಿ ‘ಕಪ್ಪು ಗ್ರಾನೈಟ್’ ಎನ್ನುವುದು ಭೂವಿಜ್ಞಾನದ ಪ್ರಕಾರ ಗ್ರಾನೈಟೇ ಅಲ್ಲ. ಚಾಮರಾಜನಗರದ ಕಪ್ಪು ಕಲ್ಲು ಡಾಲರೈಟ್. ಹಳೆಯ ಬಂಡೆಗಳ ಬಿರುಕಿನಲ್ಲಿ ಶಿಲಾರಸ ನುಗ್ಗಿ ತಣಿದು ಗೋಡೆಯಂತೆ ನಿಂತದ್ದು. ಅದರಲ್ಲಿ ಬೆಣಚು ಇಲ್ಲವೆನ್ನುವಷ್ಟು ಕಡಿಮೆ. ನಿಜವಾದ ಗ್ರಾನೈಟನ್ನು ನೋಡಬೇಕೆಂದರೆ ರಾಮನಗರಕ್ಕೆ ಹೋಗಬೇಕು. ಆ ಊರಿನ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂಬ ಹೆಸರು ಬಂದಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ.

ಒಬ್ಬರೇ ಎತ್ತಬಹುದಾದ ಕಲ್ಲು

ಈ ಕಥೆಯ ಕೊನೆಯ ಹಂತ ಟೈಲ್. ಹಲಗೆಗೆ ದೊಡ್ಡ, ಬಿರುಕಿಲ್ಲದ ದಿಮ್ಮಿ ಬೇಕು. ಚಿಕ್ಕ ದಿಮ್ಮಿಗಳನ್ನು ವಜ್ರದ ಚಕ್ರದಿಂದ ಕೊಯ್ದರೆ ಒಂದು ಅಡಿ ಚೌಕದ, ಹತ್ತು ಮಿಲಿಮೀಟರ್ ದಪ್ಪದ ಟೈಲ್ ಸಿಗುತ್ತದೆ. ಒಂದರ ತೂಕ ಎರಡೂವರೆ ಕಿಲೋಗ್ರಾಂ. ಎಂಟು ಅಡಿಯ ಕಟ್ಟೆಗೆ ಹದಿನಾರು ಟೈಲ್ ಸಾಕು. ಕಿರಿದಾದ ಮೆಟ್ಟಿಲ ಮೇಲೆ ಒಬ್ಬರೇ ಹೊತ್ತು ತರಬಹುದು. ಇದು ಮನೆಯವರೇ ಎರಡು ರಜಾದಿನಗಳಲ್ಲಿ ಹಾಸಿಕೊಳ್ಳಬಹುದಾದ ಕಲ್ಲು.

ಆದರೆ ತೆಳುತನಕ್ಕೆ ಬೆಲೆ ತೆರಬೇಕು. ಬಾಗಿಸುವ ಬಲವನ್ನು ತಡೆಯುವ ಶಕ್ತಿ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಹದಿನೆಂಟು ಮಿಲಿಮೀಟರ್ ಹಲಗೆಗೆ ಹೋಲಿಸಿದರೆ ಹತ್ತು ಮಿಲಿಮೀಟರ್ ಟೈಲಿನ ಬಲ 324ಕ್ಕೆ 100, ಅಂದರೆ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಟೈಲ್ ಹಾಸುವ ಎಲ್ಲ ನಿಯಮಗಳೂ ಈ ಒಂದು ಲೆಕ್ಕದಿಂದ ಹುಟ್ಟುತ್ತವೆ.

ಮೊದಲನೆಯದಾಗಿ, ಅಡಿಯಲ್ಲಿ ಬಾಗದ ಆಧಾರವಿರಬೇಕು. ಕಾಂಕ್ರೀಟಿನ ಹಾಸು, ಅಥವಾ ಅಲುಗಾಡದ ಹಳೆಯ ಕಡಪ ಚಪ್ಪಡಿಯೇ ಸಾಕು. ಹಳೆಯ ಚಪ್ಪಡಿಯಾದರೆ ಎಣ್ಣೆ ಜಿಡ್ಡನ್ನು ಪೂರ್ತಿಯಾಗಿ ತೆಗೆದು ಮೈಯನ್ನು ಒರಟು ಮಾಡಬೇಕು. ಎರಡನೆಯದಾಗಿ, ಅಂಟಿಸುವ ಮೊದಲು ಟೈಲುಗಳನ್ನು ಒಣದಾಗಿಯೇ ಜೋಡಿಸಿ ನೋಡಬೇಕು. ಮುಂದಿನ ಅಂಚಿನಲ್ಲಿ ಪೂರ್ಣ ಟೈಲ್ ಬರಲಿ, ತುಂಡುಗಳು ಗೋಡೆಯ ಕಡೆ ಇರಲಿ. ಮೂರನೆಯದಾಗಿ, ಮುದ್ದೆ ಮುದ್ದೆಯಾಗಿ ಗಾರೆ ಹಾಕಿ ಟೈಲ್ ಕೂರಿಸಬಾರದು. ಮುದ್ದೆಗಳ ನಡುವಿನ ಟೊಳ್ಳು ಜಾಗದ ಮೇಲೆ ಕುಕ್ಕರ್ ಕುಕ್ಕಿದರೆ ಟೈಲ್ ಸೇತುವೆಯಂತೆ ಬಾಗಿ ಬಿರಿಯುತ್ತದೆ. ಹಲ್ಲಿನ ಕರಣೆಯಿಂದ ಪಾಲಿಮರ್ ಸೇರಿದ ಅಂಟನ್ನು ಇಡೀ ಮೈಗೆ ಸಮನಾಗಿ ಬಳಿಯಬೇಕು. ಟೈಲ್ ಅಂಟುಗಳಿಗೆ ಭಾರತೀಯ ಮಾನಕ ಬ್ಯೂರೋದ 15477ನೇ ಸಂಖ್ಯೆಯ ಮಾನಕವಿದೆ. ಅಂಟು ಒಣಗಿದ ಮೇಲೆ ಮರದ ಹಿಡಿಯಿಂದ ಮೆಲ್ಲನೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಆ ಟೈಲನ್ನು ತೆಗೆದು ಮತ್ತೆ ಕೂರಿಸುವುದೇ ಸರಿ. 1895ರ ಬೆಂಗಳೂರಿನ ಕಲ್ಲುಕುಟಿಗನೂ ಇದೇ ಪರೀಕ್ಷೆ ಮಾಡುತ್ತಿದ್ದ. ವ್ಯತ್ಯಾಸವಿಷ್ಟೇ: ಅವನಿಗೆ ಟೊಳ್ಳು ಸದ್ದು ಬೇಕಿತ್ತು, ನಮಗೆ ಬೇಡ.

ನಾಲ್ಕನೆಯದಾಗಿ, ತೊಟ್ಟಿ ಅಂದರೆ ಸಿಂಕ್ ಕೂರಿಸುವ ಕಿಂಡಿಯ ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಾಗಿ ಕೊರೆಯಬೇಕು. ಚೂಪಾದ ಮೂಲೆಯಲ್ಲಿ ಒತ್ತಡ ಕೇಂದ್ರೀಕರಿಸಿ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಐದನೆಯದಾಗಿ, ಟೈಲುಗಳ ನಡುವೆ ಸುಮಾರು ಎರಡು ಮಿಲಿಮೀಟರ್ ಸಂದು ಬಿಟ್ಟು ತುಂಬಬೇಕು. ಸಿಮೆಂಟಿನ ತುಂಬುಗಾರೆ ಹುಣಿಸೆ ಹುಳಿಗೆ ಕರಗುತ್ತದೆ, ಕಡಪ ಕಲ್ಲಿನ ದೌರ್ಬಲ್ಯವೇ ಇಲ್ಲಿ ಸಂದಿನ ರೂಪದಲ್ಲಿ ಮರಳಿ ಬರುತ್ತದೆ. ಎಪಾಕ್ಸಿ ತುಂಬುಗಾರೆಗೆ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಕೊನೆಯದಾಗಿ, ಇಡೀ ಕಟ್ಟೆ ತೊಟ್ಟಿಯ ಕಡೆಗೆ ತುಸು ಇಳಿಜಾರಾಗಿರಲಿ.

ಧೂಳಿನ ಲೆಕ್ಕ

ಬೆಂಕಿಯಿಂದ ಸೀಳುವಾಗ, ಪದರ ಎಬ್ಬಿಸುವಾಗ ಕಲ್ಲು ಒಡೆಯುತ್ತದೆ. ಕೊಯ್ಯುವಾಗ ಕಲ್ಲಿನ ಒಂದು ಭಾಗ ಪುಡಿಯಾಗುತ್ತದೆ. ಈ ವ್ಯತ್ಯಾಸ ಚಿಕ್ಕದಲ್ಲ. ಕಾರ್ಖಾನೆಯ ಗರಗಸ ನೀರಿನಲ್ಲಿ ಕೆಲಸ ಮಾಡುತ್ತದೆ. ಆದರೆ ಕೈಯಲ್ಲಿ ಹಿಡಿಯುವ ವಿದ್ಯುತ್ ಕಟರ್ ಬಂದ ಮೇಲೆ ತೊಟ್ಟಿಯ ಕಿಂಡಿಯನ್ನು ಮನೆಯೊಳಗೆ ಅಥವಾ ಬೀದಿಯಲ್ಲೇ ಒಣದಾಗಿ ಕೊರೆಯುವುದು ರೂಢಿಯಾಗಿದೆ. ಕೆಲಸಗಾರನ ರೆಪ್ಪೆಯವರೆಗೆ ಬಿಳಿ ಧೂಳು ಕವಿದಿರುವುದನ್ನು ಯಾವ ಬಡಾವಣೆಯಲ್ಲಾದರೂ ಕಾಣಬಹುದು. ಮೂಗಿಗೆ ಕಟ್ಟಿದ ಕರವಸ್ತ್ರ ದಪ್ಪ ಕಣಗಳನ್ನು ತಡೆದೀತು, ಶ್ವಾಸಕೋಶದ ಆಳಕ್ಕೆ ಇಳಿಯುವ ಕೆಲವೇ ಮೈಕ್ರಾನ್ ಗಾತ್ರದ ಕಣಗಳನ್ನಲ್ಲ.

ಒಂದು ಲೆಕ್ಕ ಮಾಡೋಣ. 60 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ಕಿಂಡಿಯ ಸುತ್ತಳತೆ 2.1 ಮೀಟರ್. ಹಲಗೆಯ ದಪ್ಪ 18 ಮಿಲಿಮೀಟರ್, ಚಕ್ರ ಕೊರೆಯುವ ಸೀಳಿನ ಅಗಲ ಎರಡೂವರೆ ಮಿಲಿಮೀಟರ್ ಎಂದುಕೊಂಡರೆ ಪುಡಿಯಾಗುವ ಕಲ್ಲು ಸುಮಾರು 250 ಗ್ರಾಂ. ಅದರಲ್ಲಿ ಕಾಲು ಭಾಗ ಬೆಣಚು ಎಂದಾದರೆ 60 ಗ್ರಾಂಗೂ ಹೆಚ್ಚು ಸಿಲಿಕಾ. ಇದರ ಶೇಕಡಾ 1 ಭಾಗ ಮಾತ್ರ ಉಸಿರಿನೊಳಗೆ ಇಳಿಯುವಷ್ಟು ಸೂಕ್ಷ್ಮವೆಂದು ಊಹಿಸಿಕೊಂಡರೂ 0.6 ಗ್ರಾಂ ಆಯಿತು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 2016ರಲ್ಲಿ ನಿಗದಿ ಮಾಡಿದ ಮಿತಿ ಎಂಟು ಗಂಟೆಗಳ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ. ಈ 0.6 ಗ್ರಾಂ ಅನ್ನು ಆ ಮಟ್ಟಕ್ಕೆ ಇಳಿಸಲು 12,000 ಘನ ಮೀಟರ್ ಗಾಳಿ ಬೇಕು. ಒಂದು ಸಣ್ಣ ಅಡುಗೆ ಮನೆಯ ಗಾಳಿ ಸುಮಾರು 20 ಘನ ಮೀಟರ್. ಅಂದರೆ ಒಂದು ತೊಟ್ಟಿಯ ಕಿಂಡಿಗೆ ಆರುನೂರು ಅಡುಗೆ ಮನೆಗಳ ಗಾಳಿ!

ಇಂಥ ಧೂಳಿನಿಂದ ಬರುವ ರೋಗವೇ ಸಿಲಿಕೋಸಿಸ್. ಶ್ವಾಸಕೋಶದ ಅಂಗಾಂಶ ಗಡುಸಾಗಿ ಉಸಿರಾಟ ಕುಗ್ಗುತ್ತದೆ. ಒಮ್ಮೆ ಬಂದರೆ ಗುಣವಾಗುವುದಿಲ್ಲ, ಕ್ಷಯಕ್ಕೂ ಎಡೆಮಾಡುತ್ತದೆ. ಇಟಲಿಯ ವೈದ್ಯ ರಾಮಾಜ್ಜಿನಿ 1700ರಲ್ಲೇ ಕಲ್ಲುಕುಟಿಗರ ಎದೆಯ ರೋಗದ ಬಗ್ಗೆ ಬರೆದಿದ್ದರು. ನಮ್ಮ ದೇಶದಲ್ಲಿ ಸಿಲಿಕೋಸಿಸ್ ಮೊದಲು ದಾಖಲಾದದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. ಇತ್ತೀಚೆಗೆ ಬಳಕೆಗೆ ಬಂದಿರುವ, ಬೆಣಚಿನ ಪುಡಿಯನ್ನು ರಾಳದಲ್ಲಿ ಬೆಸೆದ ಕೃತಕ ಕಲ್ಲಿನಲ್ಲಿ ಬೆಣಚು ಶೇಕಡಾ 90ಕ್ಕೂ ಹೆಚ್ಚಿರಬಹುದು. ಅದನ್ನು ಕೊಯ್ಯುವ ಯುವ ಕೆಲಸಗಾರರಲ್ಲಿ ಸಿಲಿಕೋಸಿಸ್ ಹೆಚ್ಚಿದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಕೃತಕ ಕಲ್ಲನ್ನು ನಿಷೇಧಿಸಿದೆ.

ಪರಿಹಾರ ಮಾತ್ರ ಅಗ್ಗ. ಕೊಯ್ಯುವ ಜಾಗಕ್ಕೆ ನೀರು ಬಿಟ್ಟರೆ ಧೂಳಿನ ಬಹುಪಾಲು ಕೆಸರಾಗಿ ಕೆಳಗೆ ಉಳಿಯುತ್ತದೆ. ನೀರು ಮತ್ತು ವಿದ್ಯುತ್ತು ಒಟ್ಟಿಗೆ ಇರುವುದರಿಂದ ನೀರಿನ ವ್ಯವಸ್ಥೆಯಿರುವ ಯಂತ್ರವನ್ನೇ ಬಳಸಬೇಕು, ಸಂಪರ್ಕಕ್ಕೆ ಸೋರಿಕೆ ತಡೆಯುವ ಸ್ವಿಚ್ ಇರಬೇಕು. ಸೂಕ್ಷ್ಮ ಕಣ ತಡೆಯುವ ಮುಖಗವಸು ಬೇಕು. ಎಲ್ಲಕ್ಕಿಂತ ಮೇಲು, ಅಳತೆಯನ್ನು ಸರಿಯಾಗಿ ಕೊಟ್ಟು ಕಾರ್ಖಾನೆಯಲ್ಲೇ ನೀರಿನಲ್ಲಿ ಕೊಯ್ಯಿಸಿ ತರುವುದು. ಟೈಲ್ ಆದರೆ, ಕಟ್ಟೆಯ ಅಳತೆಯನ್ನೇ ಪೂರ್ಣ ಅಡಿಗಳಿಗೆ ಹೊಂದಿಸಿದರೆ ಕೊಯ್ಯುವ ಕೆಲಸವೇ ಮುಕ್ಕಾಲು ಪಾಲು ತಪ್ಪುತ್ತದೆ.

ತರಗತಿಯಲ್ಲಿ

ಅಧ್ಯಾಪಕರು ಈ ಇತಿಹಾಸವನ್ನು ಶಾಲೆಯಲ್ಲೇ ಪರೀಕ್ಷೆಗೆ ಒಡ್ಡಬಹುದು. ಕಲ್ಲಿನ ಅಂಗಡಿಯ ಹಿಂದೆ ಬಿದ್ದಿರುವ ಕಡಪ, ಶಹಾಬಾದ್, ಬೂದು ಗ್ರಾನೈಟ್, ಕಪ್ಪು ಗ್ರಾನೈಟ್ ಚೂರುಗಳನ್ನು ಕೇಳಿ ತರಿಸಿ. ಒಂದೊಂದರ ಮೇಲೂ ನಿಂಬೆರಸದ ಹನಿ ಇಟ್ಟು ಭೂತಗನ್ನಡಿಯಲ್ಲಿ ಗುಳ್ಳೆಗಳನ್ನು ಹುಡುಕಿ. ಉಕ್ಕಿನ ಮೊಳೆಯಿಂದ ಗೀರಿ ನೋಡಿ. ಚೂರನ್ನು ತೂಗಿ, ಒಂದು ದಿನ ನೀರಿನಲ್ಲಿ ನೆನೆಸಿ, ಒರೆಸಿ ಮತ್ತೆ ತೂಗಿ. ಹೀರಿದ ನೀರೆಷ್ಟು ಎಂದು ಕಂಡುಕೊಳ್ಳಿ. ಅಂಚನ್ನು ನೋಡಿ ಯಾವುದು ಸೀಳಿದ ಕಲ್ಲು, ಯಾವುದು ಕೊಯ್ದ ಕಲ್ಲು ಎಂದು ಗುರುತಿಸಿ. ಆಮೇಲೆ ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಕಟ್ಟೆ ಯಾವ ಕಲ್ಲಿನದು, ಯಾವ ವರ್ಷ ಹಾಕಿದ್ದು ಎಂದು ಹಿರಿಯರಿಂದ ಕೇಳಿ ಬರಲಿ. ಆ ಪಟ್ಟಿಯನ್ನು ವರ್ಷದ ಕ್ರಮದಲ್ಲಿ ಜೋಡಿಸಿದರೆ ಕಡಪದಿಂದ ಗ್ರಾನೈಟಿಗೆ ತಿರುಗಿದ ಕಾಲ ನಿಮ್ಮ ಊರಿನಲ್ಲಿ ಯಾವುದು ಎಂಬುದು ತಾನಾಗಿಯೇ ತಿಳಿಯುತ್ತದೆ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: ಕಲ್ಲು ಕೊರೆದವರು ನೀರು ಬಳಸಿದ್ದರೇ?